ನನ್ನ ತಮ್ಮ, ಅವನ ದೇವರು, ನನ್ನ ಮಗಳ ಮದುವೆ

ನನ್ನ ತಮ್ಮ ತನ್ನ ದೇವರನ್ನು ಬದಲಿಸಿದಾಗ ನನಗೇನೂ ಸಿಟ್ಟು ಬಂದಿರಲಿಲ್ಲ. ನನ್ನ ದೇವರನ್ನೂ ಬದಲಿಸಲು ಹೊರಟನಲ್ಲ, ಆಗ ಬಂತು.

ಅವನದು ಯಲ್ಲಾಪುರದ ಹೆದ್ದಾರಿ ಪಕ್ಕದಲ್ಲಿ ಪಂಕ್ಚರ್ ಅಂಗಡಿ. ನಾನು ಶಿರಸಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸ್ ಹೊಲಿಯುವವಳು. ನಮ್ಮ ತವರು ಬನವಾಸಿ ಕಡೆ. ಅಪ್ಪ, ಅವ್ವ ಹೋದ ಮೇಲೆ ತವರು ಅಂತ ನನಗೆ ಉಳಿದದ್ದು ಅವನೊಬ್ಬನೇ. ಅವನೋ ಮಹಾ ಕುಡುಕ. ನಮ್ಮಲ್ಲಿ ಮದುಮಗಳನ್ನು ಸೋದರಮಾವನೇ ಎತ್ತಿಕೊಂಡು ಮಂಟಪಕ್ಕೆ ತರಬೇಕು. ನನ್ನ ದೊಡ್ಡ ಮಗಳ ಮದುವೆಯಲ್ಲಿ ಆ ಹೊತ್ತಿಗೆ ಸೋದರಮಾವ ಅಡುಗೆಯವರ ಹಂಡೆ, ಕೊಳದಪ್ಪಲೆಗಳ ನಡುವೆ ಗೊರಕೆ ಹೊಡೆಯುತ್ತಿದ್ದ. ನನ್ನ ಗಂಡನ ಕಡೆಯ ಯಾರೋ ದೂರದ ನೆಂಟರು ಅವಳನ್ನು ಎತ್ತಿದರು. ನನ್ನ ತವರಿನ ಮಾನ ಅವತ್ತು ಎಲ್ಲರೆದುರು ಹರಾಜಾಯಿತು.

ಆಮೇಲೆ ಒಬ್ಬ ಲಾರಿ ಡ್ರೈವರ್ ಅವನನ್ನು ಯೇಸುವಿನ ಪ್ರಾರ್ಥನೆಗೆ ಕರೆದುಕೊಂಡು ಹೋದ. ಹರಕೆ, ಆಣೆ, ಆಸ್ಪತ್ರೆ, ನನ್ನ ಕಣ್ಣೀರು, ಯಾವುದಕ್ಕೂ ಬಗ್ಗದವನು ಕುಡಿಯುವುದನ್ನು ಬಿಟ್ಟುಬಿಟ್ಟ. ಮೈ ತುಂಬಿಕೊಂಡ, ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯತೊಡಗಿದ. ಯಾವ ದೇವರಾದರೇನು, ನಾನು ಶಿರಸಿಯಲ್ಲಿ ಕೂತೇ ಆ ದೇವರಿಗೂ ಒಂದು ಕೈ ಮುಗಿದೆ.

ಆದರೆ ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಮ್ಮವನೂ ಒಗೆಯತೊಡಗಿದ. ನನ್ನ ಹೊಲಿಗೆ ಮಿಶಿನ್ನಿಗೆ ಬೈಬಲ್ ವಚನದ ಚೀಟಿ ಅಂಟಿಸಿದ. ಗಿರಾಕಿಯೊಬ್ಬಳಿಗೆ ಅಳತೆ ತೆಗೆಯುತ್ತಿದ್ದಾಗ ನನ್ನ ತಲೆಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥನೆ ಶುರು ಮಾಡಿದ; ಅವಳು ಟೇಪಿನೊಳಗೇ ಸಿಕ್ಕಿಕೊಂಡು ಕಣ್ಣು ಕಣ್ಣು ಬಿಟ್ಟಳು. ನೈವೇದ್ಯ ಮಾಡಿದ ಅನ್ನ ಎಂದು ನನ್ನ ಮನೆಯ ಊಟ ಬಿಟ್ಟ. ಒಂದು ದಿನ ಅವನ ಮನೆಯಲ್ಲಿದ್ದ ಅಮ್ಮನವರ ಫೋಟೋವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದು ನನ್ನ ಬಾಗಿಲಲ್ಲಿ ಇಟ್ಟ. ದೇವಿಗೂ ನನ್ನ ಮನೆಯೇ ತವರಾಯಿತು ಎಂದು ಒಳಗೆ ಕರೆದುಕೊಂಡೆ. ಸಿಟ್ಟಿನ ಜೊತೆಗೆ ನಗುವೂ ಬಂದಿತ್ತು.

ನಗು ನಿಂತದ್ದು ಕಿರಿಯ ಮಗಳ ಮದುವೆ ನಿಶ್ಚಯವಾದಾಗ. ಗಂಡು ಸಿದ್ದಾಪುರದವನು. ತವರಿಗೆ ಮೊದಲ ಕರೆಯೋಲೆ ಎಂದು ನಾನೇ ಯಲ್ಲಾಪುರಕ್ಕೆ ಹೋದೆ. ಪದ್ಧತಿಯಂತೆ ಕಾಗದಕ್ಕೆ ಅರಿಸಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಅಕ್ಷತೆಯ ಜೊತೆ ಮುಂದೆ ಹಿಡಿದೆ. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಕ್ಕಾ, ಇದನ್ನ ನಾ ಮುಟ್ಟೂದಿಲ್ಲ. ಮಂಟಪಾನೂ ಹತ್ತೂದಿಲ್ಲ. ಬ್ಯಾರೆ ಯಾರಿಗಾರ ಹೇಳು."

ಕುಡಿದಾಗ ಬರಲಿಲ್ಲ, ಬಿಟ್ಟ ಮೇಲೂ ಬರುವುದಿಲ್ಲವಂತೆ! ಅವನೇ ಬಾರದಿದ್ದರೆ ನನ್ನ ಪಾಲಿಗೆ ತವರಿನ ಬಾಗಿಲು ಮುಚ್ಚಿದಂತೆಯೇ.

ಮನೆಗೆ ಬಂದರೆ ಇನ್ನೊಂದು ಕಡೆಯಿಂದ ಬೆಂಕಿ. ನನ್ನ ಗಂಡನ ಅಣ್ಣ ಕಾಲ ಮೇಲೆ ಕಾಲು ಹಾಕಿಕೊಂಡು ತೀರ್ಪು ಕೊಟ್ಟರು: "ಚಲೋನ ಆತು ಬಿಡವ್ವಾ. ಧರ್ಮಾ ಬಿಟ್ಟಾಂವ ಎತ್ತಿದ್ರ ಹುಡುಗಿಗೆ ಶುಭ ಆಕ್ಕೈತೇನು? ಅಕೀನ್ನ ಎತ್ತಾಕ ನಾ ಬ್ಯಾರೆ ಹುಡುಗನ್ನ ಗೊತ್ತು ಮಾಡ್ತೀನಿ."

ಅಷ್ಟು ವರ್ಷ ಅವರೆದುರು ತಲೆಯೆತ್ತಿ ಮಾತಾಡಿದವಳಲ್ಲ ನಾನು. ಅವತ್ತು ಕತ್ತರಿ ಕೆಳಗಿಟ್ಟು ಎದ್ದು ನಿಂತೆ. "ಭಾವಾರ, ಕುಡುದು ಬಿದ್ದಾಗ ಅಂವ ಸೋದರಮಾವ. ಕುಡಿಯೂದು ಬಿಟ್ಟು ನೆಟ್ಟಗ ನಿಂತ ಮ್ಯಾಲೆ ಸೋದರಮಾವ ಅಲ್ಲೇನ್ರಿ? ನನ್ನ ತಮ್ಮನ್ನ ಬಿಟ್ಟು ಯಾರೂ ನನ್ನ ಮಗಳನ್ನ ಎತ್ತೂದಿಲ್ಲ."

ಹೇಳುವುದನ್ನೇನೋ ಹೇಳಿದೆ. ಎತ್ತಬೇಕಾದವನು ಒಪ್ಪಬೇಕಲ್ಲ? ಮತ್ತೆ ಯಲ್ಲಾಪುರದ ಬಸ್ಸು ಹತ್ತಿದೆ. ಈ ಸಲ ಕಾಗದವೂ ಇಲ್ಲ, ಕುಂಕುಮವೂ ಇಲ್ಲ. ಅಂಗಡಿಯ ಮುಂದಿನ ಹಳೆಯ ಟಯರಿನ ಮೇಲೆ ಕೂತುಬಿಟ್ಟೆ. ಅವನು ಒಂದು ಲಾರಿಯ ಗಾಲಿ ಬಿಚ್ಚುತ್ತಿದ್ದ.

"ಲೇ ತಮ್ಮಾ, ಮಂತ್ರ ಹೇಳು ಅಂದ್ನೇನು ನಿನಗ? ಆರತಿ ಮಾಡು ಅಂದ್ನೇನು? ಹುಡುಗೀನ ಎತ್ತು ಅಂದೆ. ಈ ಗಾಲಿ ಎತ್ತೂವಾಗ ಯಾರ ದೇವರನ್ನ ಕೇಳ್ತಿ?"

ಅವನು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ನಿಂತ. "ಮಂಟಪದಾಗ ಕಳಸ ಇರತೈತಲ್ಲಕ್ಕಾ."

"ಮಂಟಪದ ಮೆಟ್ಟಿಲ ತನಕ ತಾ. ಅಲ್ಲೇ ಇಳಸು. ನೀ ಹತ್ತಬ್ಯಾಡ."

ಅವನು ಬಗ್ಗಿ ಇನ್ನೊಂದು ನಟ್ಟು ಸಡಿಲಿಸಿದ. ಆಮೇಲೆ, "ಪ್ರಾರ್ಥನಾ ಮಾಡಿ ನೋಡ್ತೀನಿ" ಎಂದ.

"ಮಾಡು. ನಾನೂ ಮಾಡ್ತೀನಿ. ಯಾವ ದೇವರಿಗೆ ಮೊದಲ ಕೇಳಸ್ತೈತೋ ನೋಡೂಣು!"

ಅಷ್ಟು ಹೇಳಿ ಬಂದೆ. ಮದುವೆಯ ದಿನದವರೆಗೂ ಅವನಿಂದ ಒಂದು ಫೋನಿಲ್ಲ. ಸಿದ್ದಾಪುರದ ಕಲ್ಯಾಣಮಂಟಪದಲ್ಲಿ ವಾದ್ಯ ಶುರುವಾಯಿತು. ಭಾವ ಗೊತ್ತು ಮಾಡಿದ ಹುಡುಗ ಹೊಸ ಪಂಚೆಯುಟ್ಟು ತಯಾರಾಗಿ ನಿಂತಿದ್ದ. ಪುರೋಹಿತರು ಹೆಣ್ಣನ್ನು ಕರೆತನ್ನಿ ಎಂದರು. ಮಗಳು ಬಾಸಿಂಗ ಕಟ್ಟಿಕೊಂಡು ಕೋಣೆಯ ಬಾಗಿಲಲ್ಲಿ ನಿಂತು, "ಮಾವ ಬರೂ ತನಕಾ ನಾ ಹೆಜ್ಜೆ ಇಡೂದಿಲ್ಲ" ಎಂದಳು. ನನ್ನ ಹಟ ಅವಳಿಗೆ ಸರಿಯಾಗಿಯೇ ಇಳಿದಿದೆ.

ಆಗ ಬಂದ. ಬಿಳಿ ಅಂಗಿ, ಬರಿ ಹಣೆ. ಭಾವ ಅಡ್ಡ ಬರಲು ಎದ್ದವರು ನನ್ನ ಮುಖ ನೋಡಿ ಕೂತರು. ತಮ್ಮ ನೇರ ಹೋಗಿ ಹುಡುಗಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ಅವಳೇನು ಹಗುರದವಳಲ್ಲ. ಕುರ್ಚಿಗಳ ಸಾಲಿನ ನಡುವೆ ಒಂದೇ ನಡಿಗೆಯಲ್ಲಿ ತಂದ. ನಾನು ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಹಿಂದೆಯೇ ನಡೆದೆ.

ಮಂಟಪದ ಮೆಟ್ಟಿಲ ಬುಡಕ್ಕೆ ಬಂದು ನಿಂತ. ಇಳಿಸಲು ಬಾಗಿದ. "ಮಾವಾ, ಕಾಲು ನೆಲಕ್ಕ ಮುಟ್ಟಬಾರದು!" ಎಂದು ಮಗಳು ಅವನ ಕುತ್ತಿಗೆ ಅಪ್ಪಿಕೊಂಡಳು.

ಎತ್ತಿ ತಂದ ಹೆಣ್ಣಿನ ಪಾದ ಮೊದಲು ಊರಬೇಕಾದ್ದು ಮಣೆಯ ಮೇಲೆ, ಅದಕ್ಕೂ ಮುಂಚೆ ನೆಲಕ್ಕೆ ತಾಗಿಸುವಂತಿಲ್ಲ. ಹುಟ್ಟಿದಾಗಿನಿಂದ ಕಂಡ ಪದ್ಧತಿ, ತಮ್ಮನನ್ನು ಒಪ್ಪಿಸುವ ಭರದಲ್ಲಿ ಮರೆತೇಬಿಟ್ಟಿದ್ದೆ! ಮಣೆ ಇದ್ದದ್ದು ಮೇಲೆ ಮಂಟಪದಲ್ಲಿ, ಕಳಸದ ಮುಂದೆ. ತಮ್ಮ ಮೆಟ್ಟಿಲು ಹತ್ತುವುದಿಲ್ಲ, ಹುಡುಗಿ ಕೆಳಗಿಳಿಯುವುದಿಲ್ಲ. ವಾದ್ಯವೂ ನಿಂತಿತು. "ನಾ ಹೇಳಿರಲಿಲ್ಲಾ?" ಎಂದು ಭಾವನ ಧ್ವನಿ ಕೇಳಿಸಿತು. ತಮ್ಮನ ಹಣೆಯಲ್ಲಿ ಬೆವರು. ನನ್ನ ಕಡೆ ನೋಡಿದ. ಮಾತಿಗೆ ತಪ್ಪಬೇಡ ಎನ್ನುವ ನೋಟ ಅದು.

ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಪುರೋಹಿತರು ಹಾಂ ಹಾಂ ಎನ್ನುವಷ್ಟರಲ್ಲಿ ಮಣೆಯನ್ನು ಎತ್ತಿಕೊಂಡು ಕೆಳಗೆ ಬಂದು ತಮ್ಮನ ಕಾಲ ಬುಡದಲ್ಲಿ ಇಟ್ಟೆ.

ಗಂಡಿನ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಬೀಗರ ಬಾಯಿಂದ ಏನು ಬರುತ್ತದೋ ಎಂದು ಅವರ ಕಡೆಗೇ ನೋಡಿದೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು, ಮೇಲೆ ನಿಂತಿದ್ದ ಮೊಮ್ಮಗನ ಕಡೆ ಕೈ ಮಾಡಿದರು. "ಎಂತಾ ಗಟ್ಟಿ ಹೆಂಗಸು ಮಾರಾಯ್ತಿ! ಹೋಗಾ ಮಾಣಿ, ನೀನೇ ಕೆಳಗೆ ಇಳಿ. ಹುಡುಗಿ ಅಲ್ಲಿವರೆಗೆ ಬಂದದೆ, ನಿಂಗೆ ನಾಕು ಮೆಟ್ಲು ಇಳಿಯೂಕೆ ಎಂತ ದಾಡಿ?"

ತಮ್ಮ ಅವಳನ್ನು ಮೆಲ್ಲಗೆ ಮಣೆಯ ಮೇಲೆ ನಿಲ್ಲಿಸಿದ. ಮದುಮಗ ಮಾಲೆ ಹಿಡಿದುಕೊಂಡು ನಗುತ್ತ ಇಳಿದು ಬಂದ. ಪುರೋಹಿತರು ಗೊಣಗುತ್ತ ಹಿಂದೆಯೇ ಬಂದರು. ಅಂತರಪಟ ಕೆಳಗೇ ಹಿಡಿದರು, ಮಂತ್ರವೂ ಕೆಳಗೇ ಶುರುವಾಯಿತು. ಈಗ ಅವನು ಸರಿದು ಹೋಗುತ್ತಾನೆ ಎಂದುಕೊಂಡೆ. ಅವನ ಕೆಲಸ ಮುಗಿದಿತ್ತು, ಹೋಗಿದ್ದರೂ ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವನು ಕದಲಲಿಲ್ಲ. ಅಕ್ಷತೆ ತಲೆಯ ಮೇಲೆ ಬೀಳುತ್ತಿದ್ದರೂ ಸೋದರಸೊಸೆಯ ಮೊಣಕೈ ಹಿಡಿದು, ಕಣ್ಣು ಮುಚ್ಚಿ, ತನ್ನ ದೇವರಿಗೆ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ನಿಂತಿದ್ದ. ನಾನು ಅವನ ಪಕ್ಕದಲ್ಲಿ ಹೋಗಿ ನಿಂತೆ, ಇಡೀ ಛತ್ರಕ್ಕೆ ಕಾಣುವ ಹಾಗೆ.