ಫೋಟೋಕ್ಕೆ ಕುರ್ಚಿ ಹೊತ್ತವರು

ನನಗೆ ಸಿಟ್ಟು ಬಂದ ದಿನ ಕ್ಯಾನಿನಲ್ಲಿದ್ದ ಹಾಲು ತಾನಾಗಿ ಒಡೆಯುತ್ತದೆ ಎಂದು ನಮ್ಮ ಡೈರಿಗೆ ಬರುವವರು ತಮಾಷೆ ಮಾಡುತ್ತಾರೆ. ಮಾಡಲಿ. ಮುಂಡೋಡಿಮೂಲೆಯ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುವವಳು ನಾನು. ಡೈರಿಯ ಜಗಲಿಯಲ್ಲಿ ನಿಂತರೆ ಎದುರಿಗೇ ಒಂದು ಏರು ಕಾಣುತ್ತದೆ. ಅದರ ತುದಿಯಲ್ಲಿ ಶೀಲಾವತಿಯ ಮನೆ. ಬೆಳಿಗ್ಗೆ ಬೆಳಿಗ್ಗೆ ಆ ಏರಿನಲ್ಲಿ ನಡೆಯುತ್ತಿದ್ದುದನ್ನು ನನ್ನ ಹಾಗೆ ದಿನಾ ನೋಡಿದ್ದರೆ ಯಾರಿಗಾದರೂ ಸಿಟ್ಟು ಬರುತ್ತಿತ್ತು.

ಶೀಲಾವತಿ ಸಂಪಾಜೆ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದ. ಜಾಂಡೀಸ್ ಆಗಿ ತೀರಿಹೋದ. ಇರುವುದು ಒಬ್ಬನೇ ಮಗ, ಸುಜಯ್. ಗೇರು ತೋಟಗಳಿಗೆ ಆಕಾಶದಿಂದ ಕೀಟ ಕೊಲ್ಲುವ ಮದ್ದು ಬಿಟ್ಟರಲ್ಲ, ಅದರ ಕೆಡುಕು ಹೊತ್ತು ಹುಟ್ಟಿದ ಮಕ್ಕಳಲ್ಲಿ ಅವನೂ ಒಬ್ಬ. ಈಗ ಮೀಸೆ ಬಂದಿದೆ, ಆದರೆ ಕಾಲು ನೆಲಕ್ಕೆ ಊರುವುದಿಲ್ಲ, ಮಾತೂ ಇಲ್ಲ. ನಗು ಮಾತ್ರ ಧಾರಾಳವಾಗಿದೆ. ವ್ಯಾನಿನ ಹಾರ್ನ್ ಕೇಳಿದರಂತೂ ಮೈಯೆಲ್ಲ ನಗುತ್ತಾನೆ.

ಆ ವ್ಯಾನು ಇಂಥ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರದ್ದು. ಅಲ್ಲಿ ಅವನ ಕೈಕಾಲು ಮಡಚಿ ಬಿಡಿಸಿ ವ್ಯಾಯಾಮ ಮಾಡಿಸುತ್ತಾರೆ, ಹಾಡು ಹಾಕುತ್ತಾರೆ, ಮಧ್ಯಾಹ್ನ ಊಟ ಕೊಡುತ್ತಾರೆ. ಒಂದು ವಾರ ಹೋಗದಿದ್ದರೆ ಅವನ ಮೊಣಕಾಲು ಮರದ ಕೊರಡಾಗುತ್ತದೆ. ಹಟ್ಟಿಯಲ್ಲಿರುವ ಒಂದು ದನದ ಹಾಲಿನಿಂದ ಮನೆ ನಡೆಯುವುದಿಲ್ಲ, ಅವನು ಹೋದರೆ ಮಾತ್ರ ಶೀಲಾವತಿ ಗೇರುಬೀಜದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗಬಹುದು. ಆ ಮನೆ ನಿಂತಿರುವುದೇ ಆ ವ್ಯಾನಿನ ಮೇಲೆ.

ಮೊದಲು ವ್ಯಾನು ಏರು ಹತ್ತಿ ಅವಳ ಅಂಗಳಕ್ಕೇ ಬರುತ್ತಿತ್ತು. ಮಳೆಗಾಲ ಮುಗಿದ ಮೇಲೆ ನಾವೆಲ್ಲ ಶ್ರಮದಾನ ಮಾಡಿ ಕೆಂಪುಕಲ್ಲು, ಮಣ್ಣು ತುಂಬಿಸುವುದು, ಮರುವರ್ಷದ ಮಳೆ ಎಲ್ಲವನ್ನೂ ಹೊಳೆಗೆ ಒಯ್ಯುವುದು, ಹೀಗೇ ನಡೆದಿತ್ತು. ಕೊನೆಗೆ ಏರಿನ ಮಧ್ಯೆ ಮೊಣಕಾಲುದ್ದದ ಕೊರಕಲು ಬಿದ್ದಿತು. ವ್ಯಾನಿನ ಡ್ರೈವರ್ ರಮೀಝ್ ಒಳ್ಳೆಯ ಹುಡುಗ, ಆದಷ್ಟು ನೋಡಿದ.

“ವ್ಯಾನಿನ ಅಡಿಯ ಚೇಂಬರ್ ಕಲ್ಲಿಗೆ ತಾಗುದು ಶೀಲಕ್ಕ. ಒಳಗೆ ಬೇರೆ ಮಕ್ಕಳು ಉಂಟು. ನಾನು ಎಂತ ಮಾಡುದು ಹೇಳಿ?” ಎಂದು ಒಂದು ದಿನ ಕೈ ಚೆಲ್ಲಿದ.

ಅಂದಿನಿಂದ ಶೀಲಾವತಿ ತನಗಿಂತ ಉದ್ದದ ಮಗನನ್ನು ಬೆನ್ನಿಗೆ ಹಾಕಿಕೊಂಡು ಇಳಿಯತೊಡಗಿದಳು. ಅವನ ಕಾಲು ನೆಲಕ್ಕೆ ತಾಗಿ ಎಳೆಯುತ್ತಿತ್ತು. ಹೆಬ್ಬೆರಳು ಗೀರಬಾರದೆಂದು ಅವಳು ಅವನಿಗೆ ದಪ್ಪ ಸಾಕ್ಸ್ ಹಾಕುತ್ತಿದ್ದಳು.

ಹಾಗಿರುವಾಗ ರಸ್ತೆಗೆ ಪಂಚಾಯತಿನಿಂದ ಕಾಂಕ್ರೀಟ್ ಬಂತು. ಬಂದದ್ದು ಎಲ್ಲಿಯವರೆಗೆ? ಮುಖ್ಯರಸ್ತೆಯಿಂದ ನಮ್ಮ ವಾರ್ಡಿನ ಮೆಂಬರ್ ವೆಂಕಪ್ಪಣ್ಣನ ಗೇಟಿನವರೆಗೆ. ಅಲ್ಲಿಯವರೆಗೆ ರಸ್ತೆ ಚಪ್ಪಟೆ ಇದೆ ಮಾರಾಯ್ರೆ! ಮಳೆ ಬಂದರೂ ಕಲ್ಲು ಅಲುಗದ ಜಾಗ ಅದು. ಏರು ಶುರುವಾಗುವುದೇ ಅವರ ಗೇಟು ದಾಟಿದ ಮೇಲೆ, ಕಾಂಕ್ರೀಟು ಮುಗಿಯುವುದೂ ಅಲ್ಲೇ.

“ಅನುದಾನ ಇಷ್ಟೇ ಇದ್ದದ್ದು. ಉಳಿದದ್ದು ಮುಂದಿನ ಕ್ರಿಯಾಯೋಜನೆಯಲ್ಲಿ ಹಾಕುವ. ಈಗ ಒಂದು ಒಳ್ಳೆ ಫ್ಲೆಕ್ಸ್ ಹಾಕಿ. ಅಧ್ಯಕ್ಷರಿಗೆ ಖುಷಿ ಆದ್ರೆ ನಮ್ಮ ಕೆಲಸ ಬೇಗ ಆಗ್ತದೆ” ಎಂದರು ವೆಂಕಪ್ಪಣ್ಣ.

ನಮ್ಮೂರಿನವರ ಚಾಳಿಯೇ ಇದು. ಬೀದಿದೀಪಕ್ಕೆ ಬಲ್ಬು ಹಾಕಿದರೂ ಅಭಿನಂದನೆಯ ಫ್ಲೆಕ್ಸ್ ಬೇಕು. ಯುವಕ ಮಂಡಲದ ಅಧ್ಯಕ್ಷ ರೂಪೇಶ್ ಹುರುಪಿನಿಂದ ಓಡಾಡಿದ. ಬರೀ ಮೆಂಬರು, ಅಧ್ಯಕ್ಷರ ಮುಖ ಇದ್ದರೆ ಚೆಂದವಿಲ್ಲ, ಸುಜಯನೂ ಇರಲಿ ಎಂದ. ಅವನನ್ನು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಏರಿನಿಂದ ಇಳಿಸಿದರು. ಕುರ್ಚಿ ಹೊತ್ತವರು ನಾಲ್ವರು: ಪಂಚಾಯತ್ ಅಧ್ಯಕ್ಷರು, ವೆಂಕಪ್ಪಣ್ಣ, ರೂಪೇಶ್, ಮತ್ತೆ ದುಬೈ ಬಿಟ್ಟು ಬಂದು ಜಲ್ಲಿ ವ್ಯಾಪಾರ ಮಾಡುವ ನೆರೆಮನೆಯ ಅಬ್ದುಲ್ಲಾಕ. ಕೆಳಗೆ ಹೊಸ ಕಾಂಕ್ರೀಟಿನ ಮೇಲೆ ಕುರ್ಚಿ ಇಟ್ಟು, ನಾಲ್ವರೂ ಹಿಂದೆ ನಿಂತು ಫೋಟೋ ತೆಗೆಸಿಕೊಂಡರು. ಜನ ಕಂಡರೆ ಸುಜಯನಿಗೆ ಖುಷಿ, ಬಾಯಿ ತುಂಬ ನಕ್ಕಿದ್ದ. ಫ್ಲೆಕ್ಸನ್ನು ವೆಂಕಪ್ಪಣ್ಣನ ಗೇಟಿನ ಬಳಿಯೇ ಕಟ್ಟಿದರು. ಫೋಟೋದ ಮೇಲೆ ದೊಡ್ಡ ಅಕ್ಷರದಲ್ಲಿ, ನಮ್ಮೂರಿನ ಬಹುಕಾಲದ ಕನಸಾದ ರಸ್ತೆಯನ್ನು ಪೂರ್ಣಗೊಳಿಸಿಕೊಟ್ಟ ಸರ್ವರಿಗೂ ಧನ್ಯವಾದ ಎಂದಿತ್ತು. ಪ್ರಿಂಟಿಂಗಿನವರಲ್ಲಿ ಮೊದಲೇ ಇದ್ದ ಸಾಲಂತೆ ಅದು. ಓದಿದವರು ಯಾರೂ ಪೂರ್ಣ ಎಲ್ಲಿ ಆಗಿದೆ ಎಂದು ಕೇಳಲಿಲ್ಲ. ಫೋಟೋದಲ್ಲಿ ತಮ್ಮ ತಮ್ಮ ಮುಖ ಹುಡುಕುವುದರಲ್ಲೇ ಎಲ್ಲರೂ ಮುಳುಗಿದ್ದರು.

ಮರುವರ್ಷ ಯಾವ ರಸ್ತೆಗೆ ಹಣ ಬೇಕೆಂದು ನೋಡಲು ಇಂಜಿನಿಯರ್ ಬಂದ. ಕಾರು ವೆಂಕಪ್ಪಣ್ಣನ ಗೇಟಿನ ಎದುರು ನಿಂತಿತು. ಇಂಜಿನಿಯರ್ ಇಳಿದ, ಫ್ಲೆಕ್ಸನ್ನೂ ಕಾಂಕ್ರೀಟನ್ನೂ ಸೇರಿಸಿ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದ, ಅಲ್ಲೇ ಕಾರು ತಿರುಗಿಸಿ ಹೋದ. ಏರಿಗೆ ಕಾಲಿಡಲಿಲ್ಲ ಪುಣ್ಯಾತ್ಮ. ನಾನು ಡೈರಿಯಿಂದ ಕೂಗಿದೆ. ಕೇಳಿಸಿದ್ದರೂ ಕೇಳಿಸಲಿಲ್ಲ ಅವನಿಗೆ.

ಆ ಜೂನಿನಲ್ಲಿ ಶೀಲಾವತಿ ಬಿದ್ದಳು. ಕೊರಕಲಿನಲ್ಲಿ ಪಾಚಿ ಕಟ್ಟಿತ್ತು. ಮಗನಿಗೆ ಪೆಟ್ಟಾಗಬಾರದೆಂದು ಮೈ ತಿರುಗಿಸಿದಳು, ಅವಳ ಮಣಿಕಟ್ಟು ಮುರಿಯಿತು. ನಾನು ಹಾಲು ಬಿಟ್ಟು ಓಡಿದೆ. ಸುಜಯ್ ಅವಳ ಮೇಲೆ ಬಿದ್ದುಕೊಂಡೇ ಕೆಳಗಿನ ವ್ಯಾನಿನ ಹಾರ್ನ್ ಕೇಳಿ ನಗುತ್ತಿದ್ದ. ಅವಳು ಅಳುತ್ತಿದ್ದಳು, ಅವನ ನಗು ನೋಡಿ ಇನ್ನೂ ಜೋರಾಗಿ ಅತ್ತಳು.

ಕೈಗೆ ಪ್ಲಾಸ್ಟರ್ ಹಾಕಿದ ಮೇಲೆ ಹೊರುವವರಾರು? ಸುಜಯ್ ಮನೆಯಲ್ಲೇ ಉಳಿದ. ಶೀಲಾವತಿಯ ಕೆಲಸವೂ ನಿಂತಿತು. ಸ್ವಲ್ಪ ದಿನ ಕಳೆದು ಕೇಂದ್ರದವರು ಫೋನ್ ಮಾಡಿದರು: ಬೇರೆ ಮಕ್ಕಳು ಕಾಯುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಬರದಿದ್ದರೆ ಸುಜಯನ ಜಾಗ ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ. ಅವರನ್ನೂ ಬೈಯುವ ಹಾಗಿಲ್ಲ. ಕಾಯುತ್ತಿರುವ ಮಗುವಿಗೂ ಒಬ್ಬ ತಾಯಿ ಇರುತ್ತಾಳಲ್ಲ.

ಅದೇ ವಾರ ಗ್ರಾಮಸಭೆ. ವರ್ಷದ ರಸ್ತೆಗಳಿಗೆ ಹಣ ಹಂಚುವುದು ಅಲ್ಲೇ. ಶೀಲಾವತಿ ಮಗನನ್ನು ನನ್ನ ಮಗಳು ದೀಕ್ಷಿತಾಳ ಬಳಿ ಬಿಟ್ಟು, ಕೊರಳಿಗೆ ಕೈ ಕಟ್ಟಿಕೊಂಡು ನನ್ನ ಜೊತೆ ಬಂದಳು. ಸ್ವಾಗತ, ಪ್ರಾಸ್ತಾವಿಕ, ಹೂಗುಚ್ಛ ಎಲ್ಲ ಮುಗಿಯುವಾಗ ಬೆಳಗಿನ ಹೊತ್ತು ಅರ್ಧ ಕಳೆಯಿತು. ನಂತರ ಯಾವ ಯಾವ ರಸ್ತೆಗೆ ಎಂದು ಓದಿದರು. ನಮ್ಮ ಏರು ಇಲ್ಲ. ಪಂಚಾಯತ್ ಕಚೇರಿಯ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸುವುದು ಇದೆ!

ನಾನು ಎದ್ದು ನಿಂತೆ. “ಏರಿಗೆ ಹಣ ಎಲ್ಲಿ ಅಧ್ಯಕ್ಷರೇ?”

“ಆ ರಸ್ತೆ ಪೂರ್ಣ ಆಗಿದೆ ಅಂತ ವರದಿ ಉಂಟು ಅಕ್ಕ. ಫೋಟೋ ಸಮೇತ” ಎಂದು ಅಧ್ಯಕ್ಷರು ಪಕ್ಕದಲ್ಲಿದ್ದ ಟಿವಿ ಪರದೆಯ ಮೇಲೆ ಅದನ್ನು ಹಾಕಿಸಿಯೇ ಬಿಟ್ಟರು. ನೋಡಿದರೆ ಅದೇ ಫ್ಲೆಕ್ಸ್. ನಡುವೆ ಕೆಂಪು ಕುರ್ಚಿಯಲ್ಲಿ ನಗುವ ಸುಜಯ್. “ಇನ್ನು ಬೇಕಾದ್ರೆ ಏರಿನ ಮೇಲಿನ ಮನೆಯವರು ವಂತಿಗೆ ಹಾಕಿ. ಅರ್ಧ ನೀವು ಕೊಟ್ರೆ ಉಳಿದ ಅರ್ಧಕ್ಕೆ ನಾವು ಬರುವ ವರ್ಷ ನೋಡುವ.”

“ಕೆಳಗಿನ ಮನೆಯವರು ಎಷ್ಟು ವಂತಿಗೆ ಹಾಕಿದ್ದರು?” ಎಂದೆ ನಾನು.

ವೆಂಕಪ್ಪಣ್ಣ ಎದ್ದರು. “ನೋಡಿ, ನಮ್ಮ ಭಾಗ ಆಗಿದೆ. ಆಗಿದ್ದಕ್ಕೆ ಪುನಃ ಹಣ ಹಾಕಿ ಅಂದ್ರೆ ಹೇಗೆ? ನ್ಯಾಯ ಬೇಕಲ್ವಾ?”

ನ್ಯಾಯವಂತೆ! ನನ್ನ ಮಂಡೆ ಬಿಸಿಯಾಗಿ ಕಿವಿ ಗುಂಯ್ ಎಂದಿತು. ಬಾಯಿಗೆ ಬಂದದ್ದನ್ನೆಲ್ಲ ಅನ್ನುವವಳಿದ್ದೆ, ಶೀಲಾವತಿ ನನ್ನ ಸೆರಗು ಹಿಡಿದು ಕೂರಿಸಿದಳು. ತಾನು ಎದ್ದು ಪರದೆಯ ಹತ್ತಿರ ಹೋದಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದನ್ನು ನಾನು ಅದುವರೆಗೆ ನೋಡಿದ್ದಿಲ್ಲ.

“ಇವ ನನ್ನ ಮಗ. ಇವ ಇಲ್ಲಿಗೆ ಹೇಗೆ ಬಂದ ಗೊತ್ತುಂಟಾ ನಿಮಗೆ? ನಡ್ಕೊಂಡು ಬಂದದ್ದಲ್ಲ. ಹಿಂದೆ ನಿಂತಿದ್ದಾರಲ್ಲ ನಾಲ್ಕು ಜನ, ಅವರು ಹೊತ್ತು ತಂದದ್ದು. ಫೋಟೋಕ್ಕೆ ಒಂದು ದಿನ ಹೊತ್ರಿ. ನಾನು ದಿನಾ ಹೊತ್ತೆ. ಈಗ ನನ್ನ ಕೈ ಇಲ್ಲ.”

ಪರದೆಯಲ್ಲಿದ್ದ ನಾಲ್ವರನ್ನೂ ಅವಳು ಒಬ್ಬೊಬ್ಬರಾಗಿ ಬೆರಳಿಟ್ಟು ತೋರಿಸಿದಳು.

“ನನಗೆ ರಸ್ತೆ ಬೇಡ. ನಿಮ್ಮ ಹಣ ನೀವೇ ಇಟ್ಕೊಳ್ಳಿ, ಅಂಗಳಕ್ಕೆ ಹಾಸಿ. ಆ ನಾಲ್ಕು ಜನ ನಾಳೆಯಿಂದ ಬೆಳಿಗ್ಗೆ ನನ್ನ ಮನೆಗೆ ಬನ್ನಿ. ಕುರ್ಚಿ ಅದೇ ಉಂಟು. ವ್ಯಾನ್ ಬರುವ ಹೊತ್ತಿಗೆ ಇಳಿಸಿ, ಸಂಜೆ ಹತ್ತಿಸಿ. ರಸ್ತೆ ಪೂರ್ಣ ಆದ ಲೆಕ್ಕವೇ ಆಗ್ಲಿ.”

ಯಾರೋ ಕಿಸಕ್ಕೆಂದು ನಕ್ಕರು. ಅವಳು ಅತ್ತ ತಿರುಗಿ ನೋಡಿದಳು, ನಗು ನಿಂತಿತು. ಮೊದಲು ಎದ್ದವರು ಅಬ್ದುಲ್ಲಾಕ. “ನಾನು ಬರ್ತೇನೆ ಶೀಲಾವತಿ. ಆ ಫೋಟೋ ನೋಡಿ ನನಗೇ ಮುಖ ಇಲ್ಲದ ಹಾಗೆ ಆಯ್ತು” ಎಂದರು. ರೂಪೇಶನೂ ತಲೆ ತಗ್ಗಿಸಿಕೊಂಡು ಎದ್ದ. ಅಧ್ಯಕ್ಷರು, ಸಭೆ ಸರಿಯಾಗಿ ನಡೆಯುತ್ತದೋ ಎಂದು ನೋಡಲು ಮೇಲಿಂದ ಬಂದಿದ್ದ ನೋಡಲ್ ಅಧಿಕಾರಿಯ ಮುಖ ನೋಡಿದರು. ಆ ಹೆಂಗಸು ಪೆನ್ನು ಕೆಳಗಿಟ್ಟು ಅಧ್ಯಕ್ಷರತ್ತಲೇ ತಿರುಗಿದರು. “ಬರುವ, ಬರುವ, ಅದಕ್ಕೆಂತ” ಎಂದುಬಿಟ್ಟರು ಅಧ್ಯಕ್ಷರು. ಅವರೇ ಒಪ್ಪಿದ ಮೇಲೆ ವೆಂಕಪ್ಪಣ್ಣ ಎಲ್ಲಿಗೆ ಹೋಗುವುದು?

ಮರುದಿನ ಬೆಳಿಗ್ಗೆ ಡೈರಿಯಲ್ಲಿ ಹಾಲು ಕೊಟ್ಟವರು ಯಾರೂ ಮನೆಗೆ ಹೋಗಲಿಲ್ಲ. ಪಾತ್ರೆ ಕಂಕುಳಲ್ಲಿಟ್ಟುಕೊಂಡು ಏರು ನೋಡುತ್ತಾ ನಿಂತರು. ಮೂವರು ಬಂದರು, ವೆಂಕಪ್ಪಣ್ಣನ ಪತ್ತೆಯಿಲ್ಲ. ನಾನು ಅವರ ಗೇಟಿಗೇ ಹೋದೆ.

“ಕಾಲು ನೋವು ಮಾರಾಯ್ತಿ” ಎಂದರು ಒಳಗಿನಿಂದ.

“ಫೋಟೋ ದಿನ ನೋವು ಇರ್ಲಿಲ್ವಾ? ಬನ್ನಿ, ಡೈರಿಯಲ್ಲಿ ಊರಿಡೀ ನಿಂತಿದೆ. ಪಂಚಾಯತ್ ಎಲೆಕ್ಷನ್ ಬೇರೆ ಹತ್ತಿರ ಉಂಟು” ಎಂದೆ.

ಬಂದರು. ಬಿಳಿ ಪಂಚೆ ಎತ್ತಿ ಕಟ್ಟಿ ಕುರ್ಚಿಯ ಒಂದು ಕಾಲು ಹಿಡಿದರು. ಸುಜಯನಿಗೆ ಮೆರವಣಿಗೆಯ ಖುಷಿ. ನಾಲ್ವರ ಮುಖದಲ್ಲೂ ಬೆವರು. ಕೊರಕಲಿನ ಹತ್ತಿರ ಯಾರು ಮೊದಲು ಕಾಲಿಡುವುದೆಂದು ಅವರೊಳಗೇ ಜಗಳ. ಮೊದಲ ದಿನ ನೋಡುತ್ತಿದ್ದವರು ನಕ್ಕರು. ಆಮೇಲೆ ನಗು ಬರಲಿಲ್ಲ, ಯಾಕೆಂದರೆ ಇಷ್ಟು ದಿನ ಒಬ್ಬಳೇ ಹೆಂಗಸು ಇದನ್ನು ಮಾಡಿದ್ದು ಎಲ್ಲರಿಗೂ ಕಣ್ಣಿಗೆ ಕಟ್ಟಿತು. ನಾನೂ ದಿನಾ ನೋಡಿದವಳೇ. ಆದರೂ ಆ ಭಾರ ಎಷ್ಟೆಂದು ನಾಲ್ಕು ಗಂಡಸರು ಏದುಸಿರು ಬಿಡುವಾಗಲೇ ಗೊತ್ತಾದದ್ದು.

ಸುಜಯನ ಜಾಗ ಹೋಗಲಿಲ್ಲ. ತಿಂಗಳು ಮುಗಿಯುವ ಮೊದಲೇ ಅವನು ಕೇಂದ್ರದಲ್ಲಿದ್ದ.

ಒಂದು ಸಂಜೆ, ಸೋನೆ ಮಳೆಯಲ್ಲಿ ಹತ್ತಿಸುವಾಗ ವೆಂಕಪ್ಪಣ್ಣ ಅದೇ ಪಾಚಿಯ ಮೇಲೆ ಜಾರಿದರು. ಅಬ್ದುಲ್ಲಾಕ ಕುರ್ಚಿಯನ್ನು ಎದೆಗೆ ಅವುಚಿ ಹಿಡಿದದ್ದರಿಂದ ಸುಜಯ್ ಉಳಿದ. ವೆಂಕಪ್ಪಣ್ಣ ಮಾತ್ರ ಪಂಚೆ ಸಮೇತ ಕೊರಕಲಿಗೆ ಕೂತರು. ಏಳಲಿಕ್ಕೆ ಕೈ ಕೊಟ್ಟವಳು ಶೀಲಾವತಿ, ಅದೂ ಒಳ್ಳೆಯ ಕೈಯಿಂದ. ನಾನಾಗಿದ್ದರೆ ನಾಲ್ಕು ಮಾತು ಅನ್ನದೆ ಕೈ ಕೊಡುತ್ತಿರಲಿಲ್ಲ.

ಆಮೇಲೆ ನೋಡಿ ಚಮತ್ಕಾರ. ಇಲ್ಲದ ಹಣ ಹುಟ್ಟಿಕೊಂಡಿತು! ಪಂಚಾಯತಿನ ಅಂಗಳದ ಇಂಟರ್‌ಲಾಕ್ ಒಂದು ವರ್ಷ ಮುಂದೆ ಹೋಯಿತು. ಅದರ ಹಣ ಏರಿಗೆ ಬಂತು. ಸಾಲದ್ದಕ್ಕೆ ಕಬಡ್ಡಿ ಪಂದ್ಯಾಟಕ್ಕೆಂದು ಯುವಕ ಮಂಡಲ ಕೂಡಿಸಿಟ್ಟದ್ದನ್ನು ರೂಪೇಶ್ ತಂದುಕೊಟ್ಟ. ಅಬ್ದುಲ್ಲಾಕ ಲಾಭ ಇಡದೆ ಜಲ್ಲಿ ಕೊಟ್ಟರು. ಆಗಿದ್ದಕ್ಕೆ ಪುನಃ ಹಣ ಯಾಕೆಂದು ನ್ಯಾಯ ಕೇಳಿದ್ದ ವೆಂಕಪ್ಪಣ್ಣನೂ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡೇ ವಂತಿಗೆ ಹಾಕಿದರು. ಮೊದಲೇ ಹೀಗೆ ಮಾಡಲಿಕ್ಕೆ ಎಂತ ಬೇನೆ ಆಗಿತ್ತು ಇವರಿಗೆ? ಒಬ್ಬಳ ಕೈ ಮುರಿದು, ಅಧ್ಯಕ್ಷರ ಹೆಗಲು ನೋಯಬೇಕಿತ್ತಾ? ಇವತ್ತಿಗೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಮಳೆ ಬಿಟ್ಟ ಮೇಲೆ ಕಾಂಕ್ರೀಟ್ ಬಿತ್ತು. ಅದು ಗಟ್ಟಿಯಾಗಲೆಂದು ಬೈಹುಲ್ಲು ಹಾಸಿ ನೀರು ಬಿಟ್ಟು ಕಾಯ್ದವಳು ಶೀಲಾವತಿ. ಅಷ್ಟು ದಿನಕ್ಕೆಂದು ಪಕ್ಕದಲ್ಲಿ ಕಡಿದ ಕಾಲುದಾರಿಯಲ್ಲಿ ನಾಲ್ವರು ಆಗಲೂ ಕುರ್ಚಿ ಹೊರುತ್ತಿದ್ದರು.

ಉದ್ಘಾಟನೆಗೆ ಒಂದು ಸೋಮವಾರ ಬೆಳಿಗ್ಗೆ ಇಟ್ಟರು. ಏರಿನ ಬುಡಕ್ಕೆ ಅಡ್ಡ ಕೆಂಪು ರಿಬ್ಬನ್, ಪಕ್ಕದಲ್ಲಿ ಹೊಸ ಫ್ಲೆಕ್ಸಿಗೆ ಬಿದಿರು. ಫೋಟೋದವನೂ ಬಂದಿದ್ದ. ಅಧ್ಯಕ್ಷರು ಮಾತ್ರ ಬಂದಿರಲಿಲ್ಲ. ವ್ಯಾನು ಬಂದು ರಿಬ್ಬನ್ನಿನ ಎದುರು ನಿಂತಿತು. ಮೇಲೆ ಶೀಲಾವತಿ ಅಂಗಳದಲ್ಲಿ ಮಗನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಕಾಯುತ್ತಿದ್ದಳು.

“ಸ್ವಲ್ಪ ನಿಲ್ಲು ರಮೀಝ್. ಅಧ್ಯಕ್ಷರು ಈಗ ಬರ್ತಾರೆ, ಕಟ್ ಮಾಡಿ ಆಗ್ಲಿ. ಮತ್ತೆ ಶೀಲಾವತಿ ಸುಜಯನನ್ನು ಕರ್ಕೊಂಡು ಇಲ್ಲಿ ಬರ್ಲಿ, ಒಂದು ಫೋಟೋ ತೆಗೆಯುವ” ಎಂದರು ವೆಂಕಪ್ಪಣ್ಣ.

ರಮೀಝ್ ವಾಚು ನೋಡಿದ. ಒಳಗೆ ಮಕ್ಕಳು ಗಲಾಟೆ ಮಾಡುತ್ತಿದ್ದರು. ಮೇಲೆ ನೋಡಿ ಹಾರ್ನ್ ಹಾಕಿದ. ಸುಜಯನ ನಗು ಡೈರಿಯವರೆಗೂ ಕೇಳಿಸಿತು.

ಶೀಲಾವತಿ ಮೇಲಿಂದಲೇ ಕೂಗಿದಳು. “ರಮೀಝ್, ಹೊತ್ತಾಯ್ತು! ಎಂತ ನೋಡುದು? ಬಾ ಮೇಲೆ!”

ಅವನು ಗಿಯರ್ ಹಾಕಿದ. ವೆಂಕಪ್ಪಣ್ಣ “ಏಯ್ ಏಯ್” ಎನ್ನುವಷ್ಟರಲ್ಲಿ ವ್ಯಾನು ರಿಬ್ಬನ್ ಹರಿದುಕೊಂಡು, ಎಲ್ಲೂ ಚೇಂಬರ್ ತಾಗಿಸದೆ, ಅವಳ ಅಂಗಳದಲ್ಲಿ ಹೋಗಿ ನಿಂತಿತು. ಇಳಿದು ಬರುವಾಗ ಕನ್ನಡಿಗೆ ಸಿಕ್ಕಿದ್ದ ರಿಬ್ಬನ್ನಿನ ತುದಿ ಕಿಟಕಿಯೊಳಗೆ ಸುಜಯನ ಕೈಯಲ್ಲಿತ್ತು. ಶೀಲಾವತಿ ಹಿಂದಿನಿಂದ ನಡೆದುಕೊಂಡು ಬಂದಳು, ಬೆನ್ನ ಮೇಲೆ ಏನೂ ಇಲ್ಲದೆ, ಕೈಯಲ್ಲಿ ಬರೀ ಹಾಲಿನ ಪಾತ್ರೆ ಹಿಡಿದುಕೊಂಡು. ನಾನು ಅವಳ ಹಾಲು ಅಳೆಯುತ್ತಿರುವಾಗ ಅಧ್ಯಕ್ಷರ ಕಾರು ಬಂತು. ತಟ್ಟೆಯಲ್ಲಿ ಕತ್ತರಿ ಇತ್ತು, ಕತ್ತರಿಸಲು ಏನೂ ಇರಲಿಲ್ಲ.