ತೂಬಿನ ಬುಡದ ಕಡಲೆ

ಚನ್ನಗಿರಿ ತಾಲ್ಲೂಕಿನಲ್ಲಿ, ಸಂತೇಬೆನ್ನೂರಿನ ಕಡೆಯ ಸಣ್ಣ ಊರೊಂದರ ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಡುವ ನೀರುಗಂಟಿ ಹಾಲೇಶಪ್ಪ ಬಾಯಿ ಬಿಡುತ್ತಿದ್ದುದೇ ವರ್ಷಕ್ಕೊಮ್ಮೆ. ಹೆಂಡತಿಯೆದುರು ಅದೂ ಇಲ್ಲ. ದೀಪಾವಳಿ ಮುಗಿದ ಮೇಲೆ ಕೆರೆಯೊಳಗಿನ ಗುರುತುಕಲ್ಲು ನೋಡಿ ಬಂದು, ಕಲ್ಲು ಮುಳುಗಿದ್ದರೆ "ಭತ್ತ" ಎನ್ನುತ್ತಿದ್ದ, ನೆತ್ತಿ ಕಂಡರೆ "ಕಡ್ಲೆ". ಬೇಸಿಗೆಗೆ ನೀರು ಸಾಲುತ್ತದೋ ಇಲ್ಲವೋ ಎಂಬ ಅಂದಾಜೆಲ್ಲ ಆ ಒಂದು ಮಾತಿನಲ್ಲಿತ್ತು. ಊರು ಅದರಂತೆ ಬಿತ್ತುತ್ತಿತ್ತು.

ಹೋದ ವರ್ಷ ಕಲ್ಲು ಮುಳುಗಿತ್ತು, ಭತ್ತ ಎಂದ. ತೆನೆಗೆ ಹಾಲು ತುಂಬುವ ಹೊತ್ತಿಗೆ ತೂಬು ಕೆಸರು ಕಾರಿತು. ಮೇಲಿನ ಗದ್ದೆಗಳು ಹೇಗೋ ಉಳಿದವು. ಕಾಲುವೆಯ ಕೊನೆಯಲ್ಲಿ ಗದ್ದೆಯಿದ್ದ ಚೌಡಕ್ಕ ಜೊಳ್ಳು ಪೈರನ್ನು ಕೊಯ್ದು ಎಮ್ಮೆಗೆ ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ಹಾಲೇಶಪ್ಪನಿಗೆ ಅಷ್ಟು ದಿನ ನಿದ್ದೆ ಕೆಡುತ್ತಿರಲಿಲ್ಲ.

ಈ ಸಲವೂ ಕಲ್ಲು ಮುಳುಗಿತ್ತು. ಆದರೆ ಅವನು ದಡದಿಂದಲೇ ತಿರುಗಲಿಲ್ಲ. ಬಿದಿರು ಗಳ ಹಿಡಿದು ನೀರಿಗಿಳಿದ. ಸೊಂಟದಷ್ಟು ನೀರು ದಾಟಿದ ಗಳ ಎದೆಯುದ್ದ ಹೂಳಿಗೆ ಇಳಿಯಿತು. ತಕ್ಕಡಿಯ ಕಲ್ಲು ಸರಿಯಾಗಿಯೇ ಇದ್ದು, ಮೂಟೆಯೊಳಗೇ ಅರ್ಧ ಮಣ್ಣಿದ್ದ ಹಾಗಾಗಿತ್ತು.

"ಕಡ್ಲೆ," ಎಂದ, ಏರಿಯ ಮೇಲೆ ಕಾದಿದ್ದವರಿಗೆ.

ಟ್ರ್ಯಾಕ್ಟರಿನ ಮಾರುತೇಶ್ ನಕ್ಕ. "ಕಲ್ಲು ಮುಳುಗೈತೆ ಕಣಣ್ಣೋ! ಜೊತೆಗೆ ನಿನ್ನ ಕಣ್ಣೂ ಮುಳುಗ್ಯಾವೇನು?"

"ಮೇಲೆ ನೀರು, ಕೆಳಗೆಲ್ಲ ಹೂಳು. ಹೋದ್ ವರ್ಷ ನಾನು ಮೇಲಷ್ಟೇ ನೋಡಿದ್ದೆ."

"ಮೊಬೈಲ್ನಾಗೆ ಇನ್ನೂ ಮಳೆ ಐತಂತೆ."

"ಆ ಮಳೆಗೆ ತೂಬು ಎಲ್ಲೈತೆ ತೋರ್ಸಪ್ಪ, ತೆಗೀತೀನಿ."

ಎಲ್ಲರೂ ನಕ್ಕರು. ಚೌಡಕ್ಕ ನಗಲಿಲ್ಲ. "ಹಾಲೇಶಣ್ಣ, ಊರಿನ ಮಾತು ಬಿಡು. ತೂಬಿನ ಬುಡದಾಗೈತಲ್ಲ ನಿನ್ನ ಗದ್ದೆ, ಅದಕ್ಕೇನು ಹಾಕ್ತೀಯ?"

ನೀರುಗಂಟಿಯ ಕೆಲಸಕ್ಕೆಂದು ಊರು ಬಿಟ್ಟುಕೊಟ್ಟ ಆ ತುಂಡು ಗದ್ದೆಗೆ ಎಂಥ ವರ್ಷವೂ ನೀರು ತಪ್ಪಿದ್ದಿಲ್ಲ. ಮನೆಯ ವರ್ಷದ ಅಕ್ಕಿ ಅದರದೇ. ಗುಂಪಿನಲ್ಲಿದ್ದ ಹೆಂಡತಿ ಕೆಂಪಕ್ಕ ಸೆರಗು ಬಿಗಿಹಿಡಿದು ಅವನನ್ನೇ ನೋಡಿದಳು.

"ಅದಕ್ಕೂ ಕಡ್ಲೇನೇ," ಎಂದ.

"ಅಕ್ಕೀನ ನಿನ್ನ ಗಳ ತರ್ತೈತೇನು?" ಎಂದಳು ಕೆಂಪಕ್ಕ. ಆದರೂ ಮರುದಿನ ಬೀಜದ ಬುಟ್ಟಿ ಹೊತ್ತವಳು ಅವಳೇ.

ಚೌಡಕ್ಕ ಬದುವಿನ ಮೇಲೆ ಕೂತು, ಕೊನೆಯ ಸಾಲಿಗೆ ಮಣ್ಣು ಮುಚ್ಚುವವರೆಗೂ ಕಣ್ಣು ಕೀಳಲಿಲ್ಲ. ಮಾಲು ನೋಡದೆ ಗಂಟು ಬಿಚ್ಚುವ ಹೆಂಗಸಲ್ಲ. ಆಮೇಲೆ ಎದ್ದು ಬಂದು ಮಡಿಲು ಒಡ್ಡಿದಳು.

"ಉಳಿದ ಬೀಜ ಇತ್ಲಾಗೆ ಹಾಕಣ್ಣ."