ಕೋವಿ ಅಂಗಡಿಯವರ ಹೊಟ್ಟೆಕಿಚ್ಚು

ಕೋವಿ ಅಂಗಡಿಯವರ ಹೊಟ್ಟೆಯುರಿಗೆಲ್ಲ ಎದುರಿನ ಪಾತ್ರೆ ಅಂಗಡಿಯೇ ಕಾರಣ. ಅಲ್ಲೊಂದು ಸೌಟು ಮಾರಾಟವಾದರೂ ಇವರ ಎದೆಗೆ ಕೊಳ್ಳಿ ಇಟ್ಟಂತಾಗುತ್ತದೆ. ಕೋವಿ ಕೊಳ್ಳುವವರು ಒಂದು ತಿಂಗಳು ಕಾಯಲೇಬೇಕೆಂಬ ಹೊಸ ಕಾನೂನು ಬಂದಮೇಲಂತೂ, ಒರೆಸಿದ ಕೋವಿಯನ್ನೇ ಮತ್ತೆ ಒರೆಸುತ್ತಾ ಎದುರಂಗಡಿಯ ಗಿರಾಕಿಗಳನ್ನು ಕಣ್ಣಲ್ಲೇ ನುಂಗುತ್ತಾರೆ. "ಅವನು ಚಾಕು ಮಾರಿದ್ರೆ ಕೇಳೋರಿಲ್ಲ! ಕೊಲ್ಲೋನು ಲಟ್ಟಣಿಗೇಲೂ ಕೊಲ್ತಾನೆ, ಈ ಕಾನೂನಿಂದ ಯಾವನು ಉಳಿದಿದ್ದಾನೆ ಹೇಳು?" ಎಂದು ಕೂಗಾಡಿದರೆ, ಪಕ್ಕದಲ್ಲಿ ಸ್ವೆಟರ್ ಹೆಣೆಯುವ ಹೆಂಡತಿ "ಹೂಂರೀ" ಎನ್ನುತ್ತಾಳೆ. ಮೊನ್ನೆ ಆ ಅಂಗಡಿಯಿಂದ ಅಣ್ಣತಮ್ಮಂದಿರಿಬ್ಬರು ದೊಡ್ಡ ಹಂಡೆಯೊಂದನ್ನು ಆಚೆಗೊಬ್ಬ ಈಚೆಗೊಬ್ಬ ಹಿಡಿದು ನಗುತ್ತಾ ಹೊರಬಂದರು. ತಮ್ಮನನ್ನು ಇವರು ಕಂಡೊಡನೆ ಗುರುತಿಸಿದರು. ಹೋದ ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, "ಪಿಸ್ತೂಲು ಇವತ್ತೇ ಬೇಕು, ನಮ್ಮಣ್ಣನಿಗೆ ತೋರಿಸ್ತೀನಿ" ಎಂದು ಮೇಜು ಗುದ್ದಿ, ತಿಂಗಳು ಕಾಯಬೇಕೆಂದಾಗ ಶಪಿಸಿ ಹೋದವನು ತಿರುಗಿ ಬಂದೇ ಇರಲಿಲ್ಲ. "ನೋಡೇ, ನನ್ನ ಗಿರಾಕೀನ ಹೊಡ್ಕೊಂಡ ಆ ಪಾಪಿ!" ಎಂದು ಹಲ್ಲು ಕಡಿದರು. ಕಡಿಯುತ್ತಲೇ, ಆ ತಮ್ಮ ಇತ್ತ ತಿರುಗುವ ಮೊದಲು, ಅವನಿಗೆಂದು ತೆಗೆದಿರಿಸಿದ್ದ ಪಿಸ್ತೂಲನ್ನು ಗಾಜಿನ ಪೆಟ್ಟಿಗೆಯಿಂದ ಎತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದರು.